ಕುತ್ತಿಗೆಗೂ ಕರುಳಿಗೂ ಏನು ನಂಟು?

ಟೈಲರಣ್ಣನಿಗೆ ಹೆಂಡತಿಯ ಅಳತೆ ಬಾಯಿಪಾಠ. ಇಪ್ಪತ್ತೆರಡು ವರ್ಷದಿಂದ ಅವಳ ಬ್ಲೌಸುಗಳನ್ನು ಟೇಪು ಮುಟ್ಟದೆಯೇ ಹೊಲಿದವನು ಅವನು. ಅಂಥವನ ಮುಂದೆ ಅವಳು ಬ್ಲೌಸು ಹಿಡಿದು, "ರೀ, ಯಾಕೋ ಬಿಗಿಯಾಗ್ತಿದೆ" ಎಂದಾಗ ನಕ್ಕು ಅರ್ಧ ಇಂಚು ಬಿಚ್ಚಿಕೊಟ್ಟ. ಎರಡು ತಿಂಗಳಾದ ಮೇಲೆ ಮತ್ತೆ ತಂದಳು. ಮತ್ತೆ ಬಿಚ್ಚಿಕೊಟ್ಟ. ಗಿರಾಕಿಗಳಿಗೆ ಮಾಡುವಂತೆಯೇ ತಾರೀಖು ಹಾಕಿ ಅಳತೆ ಪುಸ್ತಕದಲ್ಲಿ ಬರೆದೂ ಇಟ್ಟ. ಬಟ್ಟೆ ಬಿಗಿಯಾದರೆ ಸಡಿಲ ಮಾಡಬೇಕು, ಅಷ್ಟೇ ತಾನೆ? ಬಟ್ಟೆಯ ಒಳಗಿರುವವಳಿಗೆ ಏನಾಗಿದೆ ಎಂದು ಕೇಳಬೇಕೆನ್ನುವುದು ಮಾತ್ರ ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನು ಹೊಲಿದ ಅಂಗಿಗಳಿಗೆಲ್ಲ ಕಾಜಾ ಮಾಡಿ ಗುಂಡಿ ಹಾಕುವುದು ಅವಳ ಕೆಲಸ. ಮೊದಲೆಲ್ಲ ಮಧ್ಯಾಹ್ನದೊಳಗೆ ಹತ್ತು ಅಂಗಿ ಮುಗಿಸುತ್ತಿದ್ದಳು. ಈಗ ನಾಲ್ಕಕ್ಕೇ ಸುಸ್ತಾಗಿ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಗಿರಾಕಿಗಳ ಬೈಗುಳ ತಿಂದ ಒಂದು ದಿನ ಅವನು ತಾಳ್ಮೆ ಕಳೆದುಕೊಂಡು, "ನಿನಗೆ ಸೋಮಾರಿತನ ಅಂಟಿಕೊಂಡಿದೆ ಕಣೇ" ಎಂದುಬಿಟ್ಟ. ಅವಳು ಗುಂಡಿ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ಅವಳ ಮನಸ್ಸಿನಲ್ಲಿದ್ದುದು ಬೇರೆಯೇ ಚಿಂತೆ. ಅದು ಹೊರಗೆ ಬಂದದ್ದು ಸೂಜಿ ಅಕ್ಕನ ದೆಸೆಯಿಂದ.

ಸೂಜಿ ಅಕ್ಕ ಅಂದರೆ ಆ ಬೀದಿಯ ಆರೋಗ್ಯ ಕಾರ್ಯಕರ್ತೆ. ಮಕ್ಕಳಿಗೆ ಚುಚ್ಚಿ ಚುಚ್ಚಿ ಆ ಹೆಸರು ಬಂದಿತ್ತು. ಒಂದು ಮಧ್ಯಾಹ್ನ ಹೊಲಿಯಲು ಕೊಟ್ಟಿದ್ದ ತನ್ನ ಸಮವಸ್ತ್ರ ಕೇಳಿಕೊಂಡು ಬಂದಳು. ಟೈಲರಣ್ಣ ಒಂದು ಬ್ಲೌಸಿನ ಹೊಲಿಗೆ ಬಿಚ್ಚುತ್ತಿದ್ದ.

"ಇದ್ಯಾರದ್ದಣ್ಣ?"

"ನಿಮ್ಮತ್ತಿಗೇದೇ. ಮೂರನೇ ಸಲ ಬಿಚ್ತಿದ್ದೀನಿ. ಒಳಗೆ ಬಿಟ್ಟಿದ್ದ ಬಟ್ಟೆಯೂ ಮುಗೀತು."

ಸೂಜಿ ಅಕ್ಕ ಅತ್ತಿಗೆಯ ಕಡೆ ತಿರುಗಿದಳು. ಉರಿಬಿಸಿಲಿನ ಹೊತ್ತು, ಫ್ಯಾನು ಗಿರ್ರೆನ್ನುತ್ತಿದ್ದರೂ ಎಲ್ಲರೂ ಬೆವರುತ್ತಿದ್ದರು. ಅತ್ತಿಗೆ ಮಾತ್ರ ಕತ್ತಿನವರೆಗೆ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಮುಖ ಸ್ವಲ್ಪ ಊದಿತ್ತು.

"ಅತ್ತಿಗೆ, ಊಟ ಸೇರುತ್ತಾ?"

"ಅರ್ಧ ತಟ್ಟೆ. ಅಷ್ಟಕ್ಕೇ ಹೊಟ್ಟೆ ಬಿರಿಯುತ್ತೆ."

"ದಿನಾ ಕಕ್ಕಸಿಗೆ ಸರಿಯಾಗಿ ಹೋಗ್ತೀರಾ?"

"ಅಯ್ಯೋ, ಗಂಡಸರ ಮುಂದೆ ಇದೇನು ಮಾತು!"

"ಗಂಡಸರು ಯಾರಿದ್ದಾರೆ ಇಲ್ಲಿ? ಇರೋದು ನಿಮ್ಮ ಗಂಡ ಒಬ್ಬರೇ."

ಅತ್ತಿಗೆಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿಕೊಂಡಳು. "ಐದು ದಿನಕ್ಕೊಂದು ಸಲ ಹೋದ್ರೆ ಹೆಚ್ಚು ಕಣಮ್ಮ. ಆರು ತಿಂಗಳಾಯ್ತು. ಅಂಗಡಿಯಿಂದ ಭೇದಿ ಪುಡಿ ತರಿಸ್ತೀನಿ. ಒಂದು ಚಮಚ ಇದ್ದದ್ದು ಈಗ ಮೂರಕ್ಕೆ ಬಂದಿದೆ. ಹೊಟ್ಟೆ ಹಿಂಡಿ ಪ್ರಾಣ ಹೋಗುತ್ತೆ, ಆದರೂ ಆಗಲ್ಲ. ವಯಸ್ಸಾಯ್ತು ಅನ್ಸುತ್ತೆ. ಇನ್ನು ನನ್ನಿಂದ ಇವರಿಗೆ ಏನುಪಯೋಗ?"

ಟೈಲರಣ್ಣನ ಕೈಯಲ್ಲಿದ್ದ ಬ್ಲೇಡು ಅಲ್ಲೇ ನಿಂತಿತು. ಇಷ್ಟು ದಿನ ಪಕ್ಕದಲ್ಲೇ ಕೂತು ಇವಳು ಇಷ್ಟೆಲ್ಲ ನುಂಗಿಕೊಂಡಿದ್ದಳೇ!

"ಇದು ವಯಸ್ಸಲ್ಲ, ಸೋಮಾರಿತನವೂ ಅಲ್ಲ. ಥೈರಾಯ್ಡ್ ಇರಬಹುದು" ಎಂದಳು ಸೂಜಿ ಅಕ್ಕ. "ಕುತ್ತಿಗೆಯ ಮುಂದೆ ಒಂದು ಗ್ರಂಥಿ ಇದೆ. ಅದು ರಕ್ತಕ್ಕೆ ಹಾರ್ಮೋನು ಬಿಡುತ್ತೆ. ಎಷ್ಟು ಬೇಗ ಕೆಲಸ ಮಾಡ್ಬೇಕು ಅಂತ ಮೈಗೆಲ್ಲ ಹೇಳಿ ಕಳಿಸೋದು ಅದೇ. ಅದು ಕಮ್ಮಿಯಾದ್ರೆ ಚಳಿ, ಸುಸ್ತು, ನಿದ್ದೆ, ಮೈಭಾರ. ಕರುಳೂ ನಿಧಾನ."

"ಕುತ್ತಿಗೆಗೂ ಕರುಳಿಗೂ ಏನಕ್ಕಾ ನಂಟು?" ಟೈಲರಣ್ಣ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. "ಹೊಟ್ಟೆ ಕೆಟ್ಟಿದ್ರೆ ಹೊಟ್ಟೆಗೆ ಔಷಧಿ ಕೊಡ್ಬೇಕು."

"ನಿಮ್ಮ ಮಿಷನ್ ಪೆಡಲ್ ತುಳಿಯೋ ಕಾಲೇ ಸೋತುಹೋಗಿದೆ ಅನ್ಕೊಳ್ಳಿ. ಸೂಜಿಗೆ ಎಣ್ಣೆ ಬಿಟ್ರೆ ಓಡುತ್ತಾ?"

ಅವನು ಪೆಡಲನ್ನೊಮ್ಮೆ ತುಳಿದು ನೋಡಿದ. "ಅಲ್ಲ, ಆ ಗ್ರಂಥಿಗೆ ಇದ್ದಕ್ಕಿದ್ದಂತೆ ಏನು ಬಂತು ಕೇಡು?"

"ನಮ್ಮ ಮೈಯಲ್ಲೊಂದು ಕಾವಲು ಪಡೆ ಇದೆ. ರೋಗ ಬಂದ್ರೆ ಹೊಡೆದು ಓಡಿಸುತ್ತೆ. ಕೆಲವರಲ್ಲಿ ಆ ಪಡೆ ಎಡವಟ್ಟು ಮಾಡ್ಕೊಂಡು, ಮನೆಯವರನ್ನೇ ಕಳ್ಳರು ಅಂತ ಹಿಡಿದು ಬಡಿಯುತ್ತೆ. ಹಾಗೆ ಏಟು ತಿಂದ ಗ್ರಂಥಿ ಸೊರಗುತ್ತೆ. ಹೌದೋ ಅಲ್ವೋ, ರಕ್ತ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗುತ್ತೆ."

"ಡಾಕ್ಟರ ಮುಂದೆ ಇದನ್ನೆಲ್ಲ ನಾನು ಹೇಳಲ್ಲ, ನಾಚಿಕೆಯಾಗುತ್ತೆ" ಎಂದಳು ಅತ್ತಿಗೆ.

"ನೀನು ಸುಮ್ನಿರು. ನಾನು ಹೇಳ್ತೀನಿ" ಎಂದ ಟೈಲರಣ್ಣ.

ಹೇಳಿದ್ದೂ ಹಾಗೆಯೇ. ಮರುದಿನ ಅಳತೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅವಳ ಜೊತೆ ಆಸ್ಪತ್ರೆಗೆ ಹೋಗಿ, ಯಾವ ತಿಂಗಳು ಎಷ್ಟು ಇಂಚು, ಎಷ್ಟು ದಿನಕ್ಕೊಮ್ಮೆ ಕಕ್ಕಸಿಗೆ ಹೋಗುತ್ತಾಳೆ, ಎಷ್ಟು ಚಮಚ ಪುಡಿ, ಎಲ್ಲವನ್ನೂ ಒಪ್ಪಿಸಿದ. ಪಕ್ಕದ ಬೆಂಚಿನವರಿಗೂ ಕೇಳಿಸುವ ಹಾಗೆ. ಹೆಂಡತಿ ನೆಲ ನೋಡುತ್ತ ಕೂತಳು. ಡಾಕ್ಟರಮ್ಮ ಮಾತ್ರ, "ಇಷ್ಟು ವಿವರವಾಗಿ ಹೇಳಿದ್ರೆ ನಮ್ಮ ಅರ್ಧ ಕೆಲಸ ಮುಗಿದ ಹಾಗೆ" ಎಂದರು. ರಕ್ತ ಪರೀಕ್ಷೆಯಲ್ಲಿ ಸೂಜಿ ಅಕ್ಕನ ಅನುಮಾನವೇ ನಿಜವಾಯಿತು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಪುಡಿಯನ್ನು ಮನಸ್ಸಿಗೆ ಬಂದ ಹಾಗೆ ಸುರಿದುಕೊಳ್ಳುವುದು ಬಂದ್. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ನಡುವೆ ಬಿಡಬೇಡಿ ಎಂದು ಡಾಕ್ಟರಮ್ಮ ಒತ್ತಿ ಹೇಳಿದರು.

ಮೊದಲ ಎರಡು ವಾರ ಏನೂ ಆಗಲಿಲ್ಲ. "ದುಡುಕಬೇಡ" ಎಂದು ಅವಳಿಗೆ ಧೈರ್ಯ ಹೇಳುತ್ತ ಟೈಲರಣ್ಣನೇ ಒಳಗೊಳಗೆ ಹೆದರಿದ. ಐದನೇ ವಾರ ಅವಳು ಸ್ವೆಟರ್ ತೆಗೆದಳು. ಏಳನೇ ವಾರದ ಹೊತ್ತಿಗೆ ಬೆಳಿಗ್ಗೆ ಅವಳು ಪಾಯಿಖಾನೆಯಿಂದ ಹೊರಬರುವಾಗ ಅವನು ಬಾಗಿಲಲ್ಲೇ ನಿಂತು, "ಆಯ್ತಾ?" ಎಂದು ಕೇಳುವುದು ವಾಡಿಕೆಯಾಗಿತ್ತು.

"ಆಯ್ತು ಮಹಾರಾಯರೇ! ನಿನ್ನೆಯೂ ಆಯ್ತು, ಇವತ್ತೂ ಆಯ್ತು. ಊರಿಗೆಲ್ಲ ಡಂಗುರ ಸಾರಿ ಬನ್ನಿ."

ಅವನು ನಗಲಿಲ್ಲ. "ನಿನ್ನ ಸೋಮಾರಿ ಅಂದೆ. ತಪ್ಪಾಯ್ತು ಕಣೇ."

"ಅಂದಿದ್ದಕ್ಕೆ ಅಷ್ಟು ನೋವಾಗಲಿಲ್ಲ. ಏನಾಗಿದೆ ಅಂತ ಒಂದು ಸಲವೂ ಕೇಳಲಿಲ್ವಲ್ಲ, ಅದಕ್ಕೆ ಆಯ್ತು" ಎಂದು ಅವನ ಕೈ ಹಿಡಿದುಕೊಂಡಳು.

ಓದುತ್ತಿರುವ ಅಕ್ಕ, ಅಣ್ಣ, ಕರುಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಹಾರ್ಮೋನುಗಳ ಮಾತನ್ನೂ ಮೈಯ ಕಾವಲು ಪಡೆಯ ಮಾತನ್ನೂ ಅದು ಕೇಳುತ್ತದೆ. ಥೈರಾಯ್ಡ್ ಕಮ್ಮಿಯಾದರೆ ಮಲ ಕಟ್ಟಬಹುದು, ಹೆಚ್ಚಾದರೆ ಪದೇ ಪದೇ ಹೋಗಬೇಕಾಗಬಹುದು. ಮುಟ್ಟಿನ ದಿನಗಳಲ್ಲಿ ಹೊಟ್ಟೆ ಸಡಿಲವಾಗುವುದೂ ಎಷ್ಟೋ ಹೆಂಗಸರಿಗೆ ಇದ್ದದ್ದೇ. ಆದರೆ ವಾರಗಟ್ಟಲೆ ಹೊಟ್ಟೆಯ ರೀತಿ ಬದಲಾದರೆ ಪುಡಿ ನುಂಗಿ ಮುಚ್ಚಿಡಬೇಡಿ, ಪರೀಕ್ಷೆ ಮಾಡಿಸಿ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ಸೊರಗಿದರೆ, ಬಿಡದ ಜ್ವರವಿದ್ದರೆ ತಡಮಾಡಲೇಬೇಡಿ. ಕಾವಲು ಪಡೆ ಕರುಳಿನ ಮೇಲೆಯೇ ತಿರುಗಿಬಿದ್ದಿರಬಹುದು, ಬೇರೆ ರೋಗವೂ ಇರಬಹುದು. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.

ಹೇಳಲಾಗದೆ ಸುಮ್ಮನಿರುವವರು ನಿಮ್ಮ ಮನೆಯಲ್ಲೂ ಇರಬಹುದು. ಇವತ್ತೇ ಅವರ ಪಕ್ಕದಲ್ಲಿ ಕೂತು ಕೇಳಿ.