ಒಂದೊಂದಾಗಿ ನಿಂತ ಮಗ್ಗಗಳು

ಫೋನಿನ ಪರದೆಯ ಮೇಲೆ ಗುಡ್ಡವೊಂದು ಬೆಂಕಿ ಉಗುಳುತ್ತಿತ್ತು. ಅದರ ಸುದ್ದಿ ಹೇಳುತ್ತಿದ್ದ ಹೆಣ್ಣುಮಗಳ ಒಂದು ಮಾತೂ ಉಜ್ವಲಾಳ ಕಿವಿಗೆ ಬೀಳುತ್ತಿರಲಿಲ್ಲ. ಅವಳ ಎಡಕ್ಕೊಂದು ಬಲಕ್ಕೊಂದು ಪಾವರ್‌ಲೂಮ್ ಮಗ್ಗ ಖಟಕ್ ಖಟಕ್ ಎಂದು ಬಡಿದುಕೊಳ್ಳುತ್ತಿದ್ದವು. ಗೋಡೆಯಾಚೆ ಕೆಂಪವ್ವನವು ನಾಲ್ಕು, ಓಣಿಯಾಚೆ ಚನಮಲ್ಲಪ್ಪನವು ಆರು. ಬನಹಟ್ಟಿಯ ಆ ಓಣಿಯಲ್ಲಿ ಹುಟ್ಟಿದವರಿಗೆ ಅದು ಸಪ್ಪಳವೇ ಅಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಅದರಲ್ಲೇ ನಿದ್ದೆ ಮಾಡಿದವರು.

ಪರದೆಯ ಕೆಳಗೆ ಅಕ್ಷರಗಳು ಓಡಿದವು: ಅಂಡಮಾನಿನ ದ್ವೀಪದಲ್ಲಿ ಜ್ವಾಲಾಮುಖಿ.

ಅವಳ ಅಣ್ಣ ಮಲ್ಲಿನಾಥ ಇರುವುದೇ ಅಂಡಮಾನಿನಲ್ಲಿ. ಎಂಟು ತಿಂಗಳ ಹಿಂದೆ ಗುತ್ತಿಗೆದಾರನೊಬ್ಬನ ಜೊತೆ ಹೋದವನು, ಸಮುದ್ರದಂಚಿನ ದೀಪಸ್ತಂಭಗಳಿಗೆ ಸೋಲಾರ್ ಜೋಡಿಸುವ ಕೆಲಸ. ನಾಲ್ಕು ದಿನದ ಹಿಂದೆ ಫೋನಿನಲ್ಲಿ ಹೇಳಿದ್ದ: "ನಾಳಿಂದ ಬ್ಯಾರೆ ದ್ವೀಪಕ್ಕ ಹೊಂಟೇನಿ. ಮೂರು ದಿನ ಫೋನ್ ಹತ್ತೂದಿಲ್ಲ. ಆಯಿಗೆ ಹೇಳು, ಹೆದರಬ್ಯಾಡ ಅಂತ."

ಯಾವ ದ್ವೀಪ ಎಂದು ಅವಳು ಕೇಳಿರಲಿಲ್ಲ. ಅಂಡಮಾನ್ ಎಂದರೆ ಒಂದೇ ದಿಬ್ಬ ಅಂದುಕೊಂಡಿದ್ದಳು. ಹೊಳೆ ತುಂಬಿ ಬಂದಾಗ ದಂಡೆಯ ಹಳ್ಳಿ ಮುತ್ತೂರಿನ ಸುತ್ತ ನೀರು ನಿಲ್ಲುತ್ತದಲ್ಲ, ಹಾಗೆ: ನಡುವೆ ನಾಲ್ಕು ಮನೆ, ಕಟ್ಟಿದ ದನ, ಒಂದು ದೋಣಿ.

ಅಣ್ಣ ತಂಗಿಯರಿಬ್ಬರಿಗೂ ಆಯಿ, ಅಂದರೆ ಅಜ್ಜಿ ಶಂಕ್ರೆವ್ವ, ಹೇಳುತ್ತಿದ್ದ ಕತೆ ನೆನಪಿಗೆ ಬಂತು. ಏಳು ಸಮುದ್ರದಾಚೆ ಒಂದು ಗುಡ್ಡ. ಗುಡ್ಡದ ಹೊಟ್ಟೆಯಲ್ಲಿ ಒಲೆ, ಒಲೆಯ ಮುಂದೆ ಒಬ್ಬ ಮುದುಕಿ. ಮನೆ ಬಿಟ್ಟು ದೂರ ಬಂದ ಮಕ್ಕಳಿಗೆ ಬಿಸಿ ರೊಟ್ಟಿ ಬಡಿದು ಕೊಡುತ್ತಾಳೆ. ಉಂಡವರಿಗೆ ಊರ ದಾರಿ ಮರೆತುಹೋಗುತ್ತದೆ. "ನಾ ಉಣ್ಣೂದಿಲ್ಲ ತಗೋ, ಮನಿಯಿಂದನ ಬುತ್ತಿ ಒಯ್ತೀನಿ" ಎನ್ನುತ್ತಿದ್ದ ಆರು ವರ್ಷದ ಮಲ್ಲಿನಾಥ.

ಸುದ್ದಿಯಾದರೂ ಕೇಳಿಸಲಿ ಎಂದು ಉಜ್ವಲಾ ಎರಡೂ ಮಗ್ಗಗಳ ಬಟನ್ ಒತ್ತಿ ನಿಲ್ಲಿಸಿದಳು. ಆ ಕ್ಷಣಕ್ಕೆ ಬೇರೇನೂ ಹೊಳೆಯಲಿಲ್ಲ.

"...ಜನವಸತಿ ಇಲ್ಲದ ಈ ದ್ವೀಪದಲ್ಲಿ..." ಎಂದಿತು ಫೋನು. ಅಷ್ಟರಲ್ಲಿ ವಿಡಿಯೋ ಸಿಕ್ಕಿಕೊಂಡು ಬೆಂಕಿಯೂ ಹೊಗೆಯೂ ಇದ್ದಲ್ಲೇ ನಿಂತವು.

ಜನ ಇಲ್ಲ. ಅಂದರೆ ಅಣ್ಣನೂ ಅಲ್ಲಿಲ್ಲ. ಮರುಗಳಿಗೆಯೇ ಇನ್ನೊಂದು ಸಂಶಯ: ದೀಪಸ್ತಂಭ ಇರುವುದು ಜನ ಇಲ್ಲದ ಕಡೆಯೇ ಅಲ್ಲವೇ? ಕೆಲಸಕ್ಕೆ ಹೋದವನನ್ನು ವಸತಿ ಎಂದು ಯಾರು ಲೆಕ್ಕ ಹಿಡಿಯುತ್ತಾರೆ? ಅಣ್ಣನ ನಂಬರ್ ಒತ್ತಿದಳು. ಹತ್ತಲಿಲ್ಲ. ಮತ್ತೆ ಒತ್ತಿದಳು. ಅಪ್ಪ ಬಸಗೊಂಡಪ್ಪ ನೂಲು ತರಲು ರಬಕವಿಗೆ ಹೋಗಿದ್ದ, ಅವ್ವ ಮುಧೋಳದ ತವರಿಗೆ. ಅಜ್ಜಿ ಒಳಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಎಬ್ಬಿಸಿ ಹೇಳಲೇ? ಏನೆಂದು ಹೇಳಲಿ?

ಆಗ ಗೋಡೆಯಾಚೆ ಕೆಂಪವ್ವನ ಮಗ್ಗಗಳು ನಿಂತವು.

ಕರೆಂಟ್ ಹೋಯಿತೇನೋ ಎಂದು ಉಜ್ವಲಾ ತಲೆಯೆತ್ತಿದಳು. ಫ್ಯಾನು ತಿರುಗುತ್ತಲೇ ಇತ್ತು. ಚನಮಲ್ಲಪ್ಪನ ಮಗ್ಗಗಳೂ ನಿಂತವು. ಆಮೇಲೆ ಅದರಾಚೆಯವು, ಮೂಲೆಯವು. ಕರೆಂಟ್ ಹೋದರೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾಗುತ್ತವೆ. ಹೀಗೆ ಒಂದರ ಹಿಂದೆ ಒಂದು ನಿಲ್ಲುವುದು ಒಂದೇ ಕಾರಣಕ್ಕೆ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ.

ಅಣ್ಣನ ಸುದ್ದಿ ಇವರಿಗೆಲ್ಲ ಗೊತ್ತಾಗಿದೆ. ತನಗಿಂತ ಮೊದಲೇ ಗೊತ್ತಾಗಿದೆ.

ಕೆಂಪವ್ವ ಸೆರಗು ತಲೆಗೆಳೆದುಕೊಂಡು ಬಂದಳು. ಏನೂ ಕೇಳದೆ ಹೊಸ್ತಿಲೊಳಗೆ ಕೂತು ಉಜ್ವಲಾಳ ಬೆನ್ನು ಸವರತೊಡಗಿದಳು. ಹಿಂದೆಯೇ ಬಂದ ಚನಮಲ್ಲಪ್ಪ ಟೋಪಿ ತೆಗೆದು ಕಟ್ಟೆಯ ಮೇಲೆ ಕೂತ. ಸತ್ತವರ ಮನೆಯವರು ಬಾಯಿ ತೆರೆಯುವ ತನಕ ಬಂದವರು ಏನನ್ನೂ ಕೇಳಬಾರದು, ಅದು ಓಣಿಯ ರೀತಿ. ಅವರೇ ಹೇಳಲಿ ಎಂದು ಉಜ್ವಲಾ ಅವರ ಮುಖ ನೋಡಿದಳು. ಇವಳೇ ಹೇಳಲಿ ಎಂದು ಅವರು ಇವಳ ಮುಖ ನೋಡಿದರು. ಉಜ್ವಲಾಳ ಕಣ್ಣಲ್ಲಿ ನೀರು ಬಂದದ್ದೇ ತಡ, ಕೆಂಪವ್ವ ಗಟ್ಟಿಯಾಗಿ ಅತ್ತುಬಿಟ್ಟಳು.

ಬೈಕಿನ ಸಪ್ಪಳವಾಯಿತು. ಸುಮ್ಮನಾದ ಓಣಿಯನ್ನೂ ತನ್ನ ಬಾಗಿಲ ಮುಂದೆ ಕೂತವರನ್ನೂ ನೋಡಿದ ಬಸಗೊಂಡಪ್ಪನ ಕೈಯಿಂದ ನೂಲಿನ ಗಂಟು ಜಾರಿತು.

"ಯವ್ವಾ..." ಎಂದು ನೆಲಕ್ಕೆ ಕುಸಿದ. "ಮುಂಜಾನೆ ರೊಟ್ಟಿ ಉಂಡು ಕುಂತಿದ್ಲಲ್ಲೋ ಚನಮಲ್ಲಪ್ಪ! ನಾ ಬರೂತನಕ ನಿಲ್ಲಲಿಲ್ಲ ನೋಡು!"

"ವಯಸ್ಸಾಗಿತ್ತು ಬಸಗೊಂಡ. ಸುಖದ ಸಾವು" ಎಂದ ಚನಮಲ್ಲಪ್ಪ.

ಉಜ್ವಲಾ ಅಪ್ಪನನ್ನೇ ದಿಟ್ಟಿಸಿದಳು. ಯಾರ ಮಾತು ಇದು? ಅಣ್ಣನಿಗೆ ಇಪ್ಪತ್ತಾರು. ಅದೂ ಒಂದು ವಯಸ್ಸೇ?

ಅಷ್ಟರಲ್ಲಿ ಒಳಗಿನಿಂದ ಶಂಕ್ರೆವ್ವ ಗೋಡೆ ಹಿಡಿದುಕೊಂಡು ಹೊರಬಂದಳು. ಸದ್ದಿನಲ್ಲಿ ಮಲಗಿದ ಮುದುಕಿಗೆ ಸದ್ದಿಲ್ಲದ್ದರಿಂದ ಎಚ್ಚರವಾಗಿತ್ತು. ಅಳುವವರನ್ನು ಕಂಡವಳೇ ತಾನೂ ಎದೆ ಬಡಿದುಕೊಂಡು ಅವರ ನಡುವೆ ಕೂತಳು. ಸ್ವಲ್ಪ ಹೊತ್ತು ಅತ್ತು, ಮೂಗು ಒರೆಸಿಕೊಂಡು ಕೇಳಿದಳು:

"ಹೋದವರು ಯಾರು?"

ಕೆಂಪವ್ವನ ಅಳು ಅರ್ಧಕ್ಕೇ ನಿಂತಿತು. "ಅಯ್ಯ ಶಂಕ್ರೆವ್ವತ್ತಿ, ನೀನ ಅಂತ ಅಳಾಕತ್ತೇನಲ್ಲ ನಾನು!"

"ನನ್ನ ಹೆಸರೀಲೆ ಅಳಾಕ ನನ್ನ ಕೇಳೀಯೇನ ಬೇ?"

"ಮಗ್ಗ ನಿಲ್ಲಿಸಿದವರು ನೀವ! ನಿಮ್ಮವು ನಿಂತೂವಂತ ನಾ ನಿಲ್ಲಿಸಿದೆ."

"ಕೆಂಪವ್ವನವು ನಿಂತೂವಂತ ನಾ ನಿಲ್ಲಿಸಿದೆ" ಎಂದ ಚನಮಲ್ಲಪ್ಪ ಟೋಪಿಯನ್ನು ತಿರುಗಿ ತಲೆಗೇರಿಸುತ್ತ.

ಎಲ್ಲರೂ ಉಜ್ವಲಾಳತ್ತ ತಿರುಗಿದರು. ಅವಳು ಫೋನನ್ನು ಮುಂದೆ ಹಿಡಿದಳು. ಸಿಕ್ಕಿಕೊಂಡ ಬೆಂಕಿ ಹಾಗೇ ಇತ್ತು. "ಅಂಡಮಾನದಾಗ ಗುಡ್ಡ ಸಿಡದೈತಿ. ಅಣ್ಣನ ಫೋನ್ ಹತ್ತವಲ್ದು" ಎಂದಳು.

ಅಜ್ಜಿಯ ಮುಖದಲ್ಲಿದ್ದ ಕುಚೇಷ್ಟೆ ಇಳಿದುಹೋಯಿತು. ಪರದೆಯನ್ನು ಬೆರಳಿಂದ ಮುಟ್ಟಿ, ಸುಟ್ಟಿತೇನೋ ಎಂಬಂತೆ ಕೈ ಹಿಂದೆಗೆದಳು. ಕತೆಯಲ್ಲಿ ಆ ಒಲೆಯನ್ನು ಹಚ್ಚಿದವಳು ಅವಳೇ. ಓಣಿಯ ತುದಿಯಲ್ಲಿ ಯಾರೋ ಕೊಡ ಇಟ್ಟ ಸಪ್ಪಳ ಇಲ್ಲಿಗೆ ಕೇಳಿಸಿತು.

ಹಾಗೇ ಎಷ್ಟು ಹೊತ್ತು ಕೂತಿದ್ದರೋ, ಕೈಯಲ್ಲೇ ಫೋನು ಗುಂಯ್‌ಗುಟ್ಟಿತು. ಅಣ್ಣ ಎಂಬ ಹೆಸರು ಕಂಡರೂ ಉಜ್ವಲಾಗೆ ಅದನ್ನು ಒತ್ತಲು ಬೆರಳು ಬರಲಿಲ್ಲ. ಬೇರೆ ಯಾರಾದರೂ ಅವನ ಫೋನಿನಿಂದ ಮಾಡಿರಬಹುದಲ್ಲ. ಅಪ್ಪನೇ ಒತ್ತಿದ.

"ಉಜ್ಜಿ, ಈಗರ ಹಡಗಿಳದೆ ನೋಡು..." ಮಲ್ಲಿನಾಥನ ದನಿ. ಥಟ್ಟನೆ ನಿಂತಿತು. "ಯಾಕಲೇ, ಮಗ್ಗ ಸಪ್ಪಳಿಲ್ಲ? ಕೆಂಪವ್ವಕಾಕಿವೂ ಕೇಳವಲ್ವು. ಏನಾತು?" ಉತ್ತರಕ್ಕೂ ಕಾಯಲಿಲ್ಲ. "ಆಯಿ... ಹೋದ್ಲೇನು?"

"ಇದ್ದೀನೋ ಮೂಳಾ!" ಅಜ್ಜಿ ಫೋನಿಗೇ ಬಾಯಿ ಹಚ್ಚಿ ಕೂಗಿದಳು. "ನೀ ಇದ್ದೀಯೇನು?"

"ನಾ ಯಾಕ ಇರಬಾರ್ದು?"

ಗುಡ್ಡದ ಸುದ್ದಿಯನ್ನು ಅವನಿಗೆ ಬನಹಟ್ಟಿಯವರೇ ಹೇಳಬೇಕಾಯಿತು. "ಓಹೋ, ಅದಕ್ಕನ ಏನಪಾ! ಮೊನ್ನೆ ನಸುಕಿನ್ಯಾಗ ಮಂಚ ನಡುಗಿತ್ತು. ಜೋಡಿ ಇದ್ದವರೆಲ್ಲಾ ಹೊರಗ ಓಡ್ಯಾರ. ನಾ ಕೆಂಪವ್ವಕಾಕಿ ಮಗ್ಗ ಹಚ್ಯಾಳ ಅಂತ ತಿಳಕೊಂಡು ಮಗ್ಗಲಾ ಹೊಳ್ಳಿ ಮಲಗೇನಿ. ಎಂಟು ತಿಂಗಳದಾಗ ಅಂಥಾ ನಿದ್ದಿ ಹತ್ತಿರಲಿಲ್ಲ."

"ನನ್ನ ಮಗ್ಗ ಅಷ್ಟ ನಡಗತಾವೇನೋ ಭಾಡ್ಯಾ?" ಎಂದ ಕೆಂಪವ್ವ ಅಳುತ್ತಲೇ ನಕ್ಕಳು.

"ಅಲ್ಲೇನೂ ಉಂಡಿಲ್ಲಲ್ಲ?" ಅಜ್ಜಿ ಕೇಳಿದಳು.

"ಬುತ್ತೀನ ಉಂಡೇನಿ ಆಯಿ. ಮೊದಲ ಮಗ್ಗ ಹಚ್ಚರಿ, ಈ ಸುಮ್ಮನಿರೂದು ಕೇಳಿ ನನ್ನ ಎದಿ ಒಡದತಿ."

ಕೆಂಪವ್ವ ಎದ್ದಳು. ಚನಮಲ್ಲಪ್ಪನೂ ಎದ್ದ. ಗೋಡೆಯಾಚೆ ಒಂದು ಮಗ್ಗ ಶುರುವಾಯಿತು, ಓಣಿಯಾಚೆ ಇನ್ನೊಂದು. "ನೀ ಹೋದ ದ್ವೀಪದ ಹೆಸರೇನೋ?" ಎಂದು ಉಜ್ವಲಾ ಕೂಗಿ ಕೇಳಿದಳು. ಅವನು ಏನೋ ಹೇಳಿದ, ಕೇಳಿಸಲಿಲ್ಲ. ಮತ್ತೆ ಹೇಳಿದ. ಅವಳು ತಮ್ಮ ಮಗ್ಗಗಳ ಬಟನ್‌ಗಳನ್ನೂ ಒತ್ತಿ ಶುರುಮಾಡಿ, ಅವನಿಗೆ ಕೇಳಲೆಂದು ಫೋನನ್ನು ಅವುಗಳ ನಡುವಿನ ಸ್ಟೂಲಿನ ಮೇಲೆ ಮಲಗಿಸಿದಳು. ದನಿ ಮುಳುಗಿಹೋಯಿತು. ಪರದೆಯ ಮೇಲೆ ಸೆಕೆಂಡುಗಳು ಮಾತ್ರ ಏರುತ್ತಿದ್ದವು. ಅವನು ಫೋನ್ ಇಡಲಿಲ್ಲ, ಅವಳೂ ಇಡಲಿಲ್ಲ.