ಎಂಟು ಗಾಜಿಗೂ ಕುಂಕುಮ

ಕಪಾಟಿನ ಬಾಗಿಲು ತೆಗೆದ ನಮಿತಾ ಹಾಗೇ ನಿಂತುಬಿಟ್ಟಳು. ಒಳಗಿದ್ದ ಎಂಟು ಗಾಜಿನ ಬಿಲ್ಲೆಗಳ ಮೇಲೂ ಅರಿಶಿನ, ನಡುವೆ ಕುಂಕುಮದ ಬೊಟ್ಟು.

ಹಿಂದಿನ ದಿನ, ಹಬ್ಬದ ರಜೆಗೆ ಮೊದಲೇ, ಆಯುಧಪೂಜೆ ಮುಗಿದಿತ್ತು. ಶಿರಸಿಯ ಆ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ತಕ್ಕಡಿ, ಬರ್ನರು, ಫ್ರಿಜ್ಜು ಎಲ್ಲಕ್ಕೂ ಅರಿಶಿನ-ಕುಂಕುಮ ಹಚ್ಚುವುದು ಅಟೆಂಡರ್ ಮಡಿವಾಳಪ್ಪನ ಇಪ್ಪತ್ತು ವರ್ಷದ ವಾಡಿಕೆ. ಬನವಾಸಿ ಕಡೆಯ ಮನುಷ್ಯ, ಬಲು ಶಿಸ್ತು. ಈ ಸಲ ಲೆಕ್ಚರರಮ್ಮ ನಮಿತಾಳ ಕಪಾಟನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ.

ಅದು ಬರೀ ಗಾಜಾಗಿದ್ದರೆ ಯಾರು ಕೇಳುತ್ತಿದ್ದರು? ಅಗ್ಗದ ಸೋಲಾರ್ ಸೆಲ್ಲಿಗೆಂದು ಅದರ ಮೇಲೆ ಬಿಳಿ ಪುಡಿಯ ತೆಳು ಪದರ ಬಳಿದು, ಕುಲುಮೆಯಲ್ಲಿ ಸುಟ್ಟಿದ್ದಳು. ಪದರದ ತುಂಬ ಕಣ್ಣಿಗೆ ಕಾಣದ ತೂತುಗಳು. ಅವಕ್ಕೆ ಅಳೆದ ಬಣ್ಣವನ್ನಷ್ಟೇ ಕುಡಿಸಬೇಕು. ಬೇರೇನು ತಾಗಿದರೂ ಅದನ್ನೇ ಹೀರಿಬಿಡುತ್ತವೆ. ಸುಡುವಾಗ ಕರೆಂಟು ಹೋದರೆ ಪದರ ಬಿರಿಯುತ್ತದೆ. ಕರೆಂಟು ಹೋಗದ ದಿನ ಶಿರಸಿಯಲ್ಲಿ ಯಾವುದಿತ್ತು? ನಾಲ್ಕು ತಿಂಗಳು ಹೆಣಗಿ ಉಳಿದದ್ದು ಈ ಎಂಟು. ಸೋಮವಾರ ಇವನ್ನು ಧಾರವಾಡದ ಯೂನಿವರ್ಸಿಟಿಯಲ್ಲಿ ತೋರಿಸದಿದ್ದರೆ ಏಳು ವರ್ಷದ ಪಿಎಚ್‌ಡಿ ನೋಂದಣಿ ರದ್ದು. ಇನ್ನು ವಾಯಿದೆ ಇಲ್ಲವೆಂದು ಗೈಡು ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಒಂದನ್ನು ಸ್ಪಿರಿಟಿನಲ್ಲಿ ತೊಳೆದಳು. ಬಣ್ಣ ಜಪ್ಪಯ್ಯ ಅಂದರೂ ಬಿಡಲಿಲ್ಲ. ಉಜ್ಜಿದರೆ ಬಿಳಿ ಪದರವೇ ಎದ್ದು ಬಂತು. ಮತ್ತೆ ಸುಟ್ಟರೆ ಅರಿಶಿನ ಹೋದೀತು, ಕುಂಕುಮದೊಳಗಿನ ಸುಣ್ಣ ಹೋಗದು. ಎಂಟೂ ಹಾಳು. ಸಿದ್ದಾಪುರದಿಂದ ಬೆಳಗಿನ ಬಸ್ಸಿಗೆ ನಿಂತೇ ಬಂದಿದ್ದಳು. ಸ್ಟೂಲಿನ ಮೇಲೆ ಕೂತವಳಿಗೆ ಏಳುವುದೇ ಬೇಡವೆನಿಸಿತು. ಅಳುವೂ ಬರಲಿಲ್ಲ, ಅಷ್ಟು ಸಾಕಾಗಿಹೋಗಿತ್ತು.

ಮಡಿವಾಳಪ್ಪ ಬಾಳೆಹಣ್ಣು ಹಿಡಿದು ಬಂದ. "ಪ್ರಸಾದ ತಗೋರಿ ಮೇಡಂ."

"ಕಪಾಟಿನ ಗಾಜಿಗೂ ನೀವೇ ಹಚ್ಚಿದ್ದಾ?"

"ಹೂನ್ರಿ. ಹ್ವಾದ ವರ್ಷ ಈ ಕಪಾಟು ಬಿಟ್ಟಿದ್ದೆ ನೋಡ್ರಿ, ಅದಕ್ಕ ನಿಮ್ಮ ಕೆಲಸ ಕೈಗೂಡವಲ್ದು ಅನ್ನಿಸ್ತು. ಮೇಡಂ ಡಾಕ್ಟರ್ ಆಗ್ಲಿ ಅಂತ ಒಂದೊಂದಕ್ಕೂ ಬೇಡ್ಕೊಂಡು ಹಚ್ಚೀನ್ರಿ."

ಬೈಯಲು ಮಾತು ಜೋಡಿಸಿಟ್ಟಿದ್ದಳು. ಮನೆಯಲ್ಲಿ ಪಿಎಚ್‌ಡಿ ಎಲ್ಲಿಗೆ ಬಂತೆಂದು ಕೇಳುವುದನ್ನೇ ಬಿಟ್ಟಿದ್ದರು. ಗೈಡಿಗೆ ಅವಳ ಹೆಸರೂ ಮರೆಯುತ್ತಿತ್ತು. ಏಳು ವರ್ಷದಲ್ಲಿ ಅವಳಿಗಾಗಿ ಬೇಡಿಕೊಂಡವನು ಇವನೊಬ್ಬ. ಅವನ ಮೇಲೆ ಸಿಟ್ಟು ಬರಲಿಲ್ಲ.

"ಸೋಮವಾರ ಧಾರವಾಡಕ್ಕ ಹೊಂಟೀರಲ್ರಿ?"

"ಹೂಂ," ಎಂದಳು.

ಅವನು ಉಳಿದ ಏಳು ಗಾಜನ್ನೂ ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ತುಂಬಿ, ಅವಳ ಬ್ಯಾಗಿನಲ್ಲಿ ಜೋಪಾನವಾಗಿ ಇಟ್ಟ. ಅವಳು ಬ್ಯಾಗಿನ ಜಿಪ್ಪು ಎಳೆದು, ಪ್ರಸಾದದ ಬಾಳೆಹಣ್ಣು ತೆಗೆದುಕೊಂಡಳು.