ಹನುಮೇಶನ ನಂಬರು

ಕುಬಿಹಾಳದಲ್ಲಿ ಅರ್ಧ ಊರಿನ ಕಾಗದಪತ್ರಗಳಿಗೆ ಇದ್ದದ್ದು ಒಂದೇ ಫೋನ್ ನಂಬರು, ಕಂಪ್ಯೂಟರ್ ಅಂಗಡಿಯ ಹನುಮೇಶನದು. ಮೊದಲು ಹೊಲದ ಪಹಣಿ ಉತಾರ ಬೇಕೆಂದರೂ ಕುಂದಗೋಳದ ತಾಲೂಕು ಕಚೇರಿಗೆ ಹೋಗಿ ದಿನಗಟ್ಟಲೆ ಬಾಗಿಲು ಕಾಯಬೇಕಿತ್ತು. ಈಗ ಅವನು ಬಸ್‌ಸ್ಟ್ಯಾಂಡಿನ ಬಾಜೂ ಕೂತು ಕೀಲಿಮಣೆ ಕುಟ್ಟಿದರೆ ಚಹಾ ಆರುವುದರೊಳಗೆ ಕೆಲಸ ಮುಗಿಯುತ್ತಿತ್ತು. ಒಪ್ಪಿಗೆಗೆಂದು ಕಂಪ್ಯೂಟರು ಕಳಿಸುವ ಗುಟ್ಟಿನ ಅಂಕಿ, ಒಟಿಪಿ, ಅವನ ಫೋನಿಗೇ ಬಂದು ಬೀಳುತ್ತಿತ್ತು. ಊರು ಅವನನ್ನು ತಲೆಯ ಮೇಲೆ ಹೊತ್ತುಕೊಂಡಿತ್ತು.

ಮಗಳು ಮಂಜುಳಾಳ ನರ್ಸಿಂಗ್ ಅರ್ಜಿಗೂ ಬಸಕ್ಕ ಅದೇ ನಂಬರು ಕೊಟ್ಟಳು. ಗಂಡ ಕುರಿ ಹಿಂಡಿನ ಹಿಂದೆ ಊರೂರು ತಿರುಗುವವನು. ತನಗೊಂದು ಫೋನ್ ಕೊಡಿಸೆಂದು ಮಂಜುಳಾ ಗೋಗರೆದಿದ್ದಳು.

"ಹೆಣ್ಣಹುಡುಗಿ ಕೈಗೆ ಫೋನ್ ಕೊಟ್ಟು ಕೆಡಸ್ಲೇನು? ನಿಂದ ಹಾಕಪಾ ಹನುಮೇಶ," ಎಂದು ಬಸಕ್ಕ ಮಾತು ಮುಗಿಸಿದ್ದಳು.

ಮುಂದಿನ ವಾರವೇ ಹನುಮೇಶ ತನ್ನ ತಮ್ಮನಿಗೆ ಹೆಣ್ಣು ಕೇಳಿದ. "ನಾ ಓದಾಕ ಹೋಗಾಕಿ," ಎಂದು ಮಂಜುಳಾ ಮುಖಕ್ಕೆ ಹೊಡೆದಂತೆ ಹೇಳಿದಳು. "ಓದಲಿ ಬಿಡ್ರಿ, ಛಲೋ ಆತು," ಎಂದು ಅವನು ನಕ್ಕ. ಆ ನಗುವನ್ನು ಬಸಕ್ಕ ನಂಬಿದಳು, ಪಾಪದ ಹೆಂಗಸು.

ಆಮೇಲೆ ದಿನಾ ಅಂಗಡಿಗೆ ಎಡತಾಕಿದಳು. "ಇನ್ನೂ ಏನೂ ಬಂದಿಲ್ರಿ ಅಕ್ಕಾರ." ಪಂಚಮಿಯ ಮರುದಿನ ಸಂಜೆ ಡಬ್ಬಿಯಲ್ಲಿ ಶೇಂಗಾ ಉಂಡಿ ಒಯ್ದು ಎದುರಿಗೆ ಕೂತಳು. ಅವನು ಒಂದು ಕೈಯಲ್ಲಿ ಉಂಡಿ ತಿನ್ನುತ್ತ, ಇನ್ನೊಂದರಲ್ಲಿ ಕೀಲಿಮಣೆಯ ಮೇಲೆ ಏನೋ ಒತ್ತುತ್ತ, "ಅಗದಿ ರುಚಿ ಆಗ್ಯಾವ ನೋಡ್ರಿ," ಎಂದ. ಎಂಟು ದಿನ ಬಿಟ್ಟು, "ಸೀಟ ಸಿಗಲಿಲ್ರಿ," ಎಂದ.

ಮಂಜುಳಾ ಅಳಲಿಲ್ಲ. ಪಕ್ಕದ ಸಂಶಿಗೆ ಹೋಗಿ ಬೇರೆ ಅಂಗಡಿಯಲ್ಲಿ ಅರ್ಜಿಯ ಸಂಖ್ಯೆ ಹೇಳಿ ವಿಚಾರಿಸಿ ಒಂದು ಹಾಳೆ ತಂದಳು. ಸೀಟು ಸಿಕ್ಕಿತ್ತು, ಹುಬ್ಬಳ್ಳಿಯಲ್ಲೇ. ಕೆಳಗೆ ಬರೆದಿತ್ತು: ಅಭ್ಯರ್ಥಿ ಸೀಟು ಬೇಡವೆಂದಿದ್ದಾರೆ. ತಾರೀಖು ಪಂಚಮಿಯ ಮರುದಿನದ್ದು, ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷ. ಅವನ ಬಾಯಿಗೆ ಮಣ್ಣು ಬೀಳಲಿ, ಬಸಕ್ಕನ ಉಂಡಿ ತಿನ್ನುತ್ತಲೇ ಒತ್ತಿದ್ದ. ಸೀಟು ಆಗಲೇ ಬೇರೆಯವರ ಪಾಲಾಗಿತ್ತು.

ಬಸಕ್ಕ ಮಗಳನ್ನು ಕರೆದುಕೊಂಡು ಅಂಗಡಿಗೆ ನುಗ್ಗಿದಳು. "ಲೇ ಹನುಮ್ಯಾ, ನನ್ನ ಮಗಳ ಬಾಳೇ ಹಾಳ ಮಾಡಿದ್ಯಲ್ಲೋ!"

ಹನುಮೇಶ ಹಾಳೆಯನ್ನು ಸಾವಕಾಶ ಓದಿದ. ಆಮೇಲೆ ಸಾಲಿನಲ್ಲಿ ನಿಂತವರ ಕಡೆ ತಿರುಗಿದ. "ನಂಬಿಗಿ ಇಲ್ಲಂದ್ರ ಬ್ಯಾಡ್ರಿ. ಎಲ್ಲಾರೂ ನನ್ನ ನಂಬರ್ ತಗಸ್ರಿ, ಕುಂದಗೋಳಕ್ಕ ಹೋಗ್ರಿ. ಅಂಗಡಿ ಬಂದ್." ಶಟರಿಗೆ ಕೈ ಹಾಕಿದ.

ಸಾಲಿನಲ್ಲಿದ್ದ ಎದುರುಮನೆಯ ಸುಧಾರಾಣಿ ಆ ಹಾಳೆಯನ್ನು ಹನುಮೇಶನಿಗಿಂತ ಮೊದಲೇ ಇಸಿದುಕೊಂಡು ಎಲ್ಲರಿಗೂ ಕೇಳುವಂತೆ ಓದಿದ್ದಳು. ಮೊದಲು ಬಾಯಿ ಬಿಟ್ಟವಳೂ ಅವಳೇ. "ಬಸಕ್ಕ, ನಮ್ಮ ಮನಿಯವರ ಆಪರೇಶನ್ ಕಾರ್ಡ ಇವತ್ತ ಆಗಬೇಕವಾ. ನಿನ್ನ ಮಗಳ ಸಲುವಾಗಿ ಅವರ ಸಾಯಬೇಕೇನು? ತಪ್ಪಾತಂತ ಹೇಳಸು."

ಹೌದು ಹೌದು ಎಂದಿತು ಸಾಲು. ಬಸಕ್ಕನ ರೇಶನ್ ಕಾರ್ಡೂ ಆ ನಂಬರಿನಲ್ಲೇ ಇತ್ತು. ಅವಳ ಕೈ ಮಗಳ ಹೆಡಕಿನ ಮೇಲೆ ಹೋಯಿತು.

"ಕಾಲಿಗೆ ಬೀಳು."

"ಯವ್ವಾ, ನಾ ಏನ ಮಾಡೇನಿ?"

"ಬೀಳು ಅಂದ್ನಿ."

ಮಂಜುಳಾ ಬಿದ್ದಳು. ಹನುಮೇಶ ದೊಡ್ಡ ಮನಸ್ಸು ಮಾಡಿ ಶಟರಿನಿಂದ ಕೈ ತೆಗೆದ, ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದ. "ಹೋಗ್ಲಿ ಬಿಡ್ರಿ ಅಕ್ಕಾರ. ಬರೂ ವರ್ಷ ಮತ್ತ ಅರ್ಜಿ ಹಾಕೂಣು. ನಂಬರ್ ಯಾರದ ಹಾಕ್ಲಿ?"

ಮಗಳು ನೆಲದಿಂದಲೇ ತಾಯಿಯ ಮುಖ ನೋಡುತ್ತಿದ್ದಳು.

"ನಿಂದ ಹಾಕಪಾ," ಎಂದಳು ಬಸಕ್ಕ.